ಕಿತ್ತಿಟ್ಟ ಪ್ಲಗ್ಗು

ಆ ಭಾನುವಾರ ನನ್ನ ಗಂಡ ಜಕ್ಕೂರು ಕೆರೆ ಸುತ್ತಿ ಬಂದು, ತಮ್ಮ ತಾಯಿಯ ಜೊತೆ ಟಿವಿ ನೋಡುತ್ತಾ ಉಪ್ಪಿಟ್ಟು ತಿಂದರು. ಮರುದಿನ ಎದೆನೋವು ಬಂದು ತೀರಿಕೊಂಡರು. ಸೂತಕದ ಮನೆಯೆಂದು ಟಿವಿಯ ಪ್ಲಗ್ಗಿನ ಜೊತೆ ಸೆಟ್‌ಟಾಪ್ ಬಾಕ್ಸಿನ ಪ್ಲಗ್ಗನ್ನೂ ಕಿತ್ತಿಟ್ಟೆವು.

ತಿಥಿ ಮುಗಿದರೂ ಅತ್ತೆ ಸರಿಯಾಗಿ ಉಣ್ಣಲಿಲ್ಲ. ಒಂದು ಸಂಜೆ ತಾವಾಗಿಯೇ “ಟಿವಿ ಹಾಕಮ್ಮ” ಎಂದರು. ಹಾಕಿದರೆ ಒಂದು ಚಾನೆಲ್ಲೂ ಬರಲಿಲ್ಲ. ಕೇಬಲ್‌ನವರಿಗೆ ಫೋನ್ ಮಾಡಿದೆ.

“ಬಾಕ್ಸ್ ಆಫ್ ಮಾಡಿಟ್ಟಿದ್ರಾ ಅಕ್ಕಾ? ಆಫ್ ಇದ್ರೆ ನಾವು ಚಾನೆಲ್ ಚಾಲೂ ಇರ್ಲಿ ಅಂತ ತಿಂಗ್ಳಿಗೊಂದ್ಸಲ ಕಳ್ಸೋ ಸಿಗ್ನಲ್ ಅದಕ್ಕೆ ಮುಟ್ಟಲ್ಲ. ಮತ್ತೆ ಕಳಿಸ್ತೀನಿ, ಆನ್ ಮಾಡಿ ಬಿಟ್ಟಿರಿ.”

ಅತ್ತೆಗೆ ಹೇಳಿದೆ. “ಅಂಗಾದ್ರೆ ಅದೂ ಸೂತಕ ಇಡ್ಕೊಂಡಿತ್ತು ಅನ್ನು” ಎಂದು ನಕ್ಕರು.

ಸ್ವಲ್ಪ ಹೊತ್ತಿಗೆ ಚಿತ್ರ ಬಂತು. ಅತ್ತೆ ಅದರ ಮುಂದೆ ಕೂತು ಮುದ್ದೆ ಉಂಡರು. ಈಗ ದಿನವೂ ಉಣ್ಣುತ್ತಾರೆ. ಅವರ ಮಗ ಇಲ್ಲ.