ಅಕ್ಕನ ಪತ್ರಿಕೆಗೆ ನನ್ನ ಅಕ್ಷರ

ಎಪ್ಪತ್ತರ ದಶಕದ ಮೊದಲಲ್ಲಿ ಸಾಂತಾಕ್ರೂಜಿನ ನಮ್ಮ ಸಾಲುಮನೆಗಳ ಚಾಳಿನಲ್ಲಿ ಕನ್ನಡದ ಮನೆಗಳು ಹತ್ತು ಹನ್ನೆರಡು ಇದ್ದವು. ಅಷ್ಟೂ ಮನೆಗೆ ಸೇರಿ ತಿಂಗಳಿಗೊಂದು ಕೈಬರಹದ ಪತ್ರಿಕೆ, ಅದೂ ಒಂದೇ ಪ್ರತಿ. ಸಂಪಾದಕಿ, ಲೇಖಕಿ, ಮುದ್ರಣಾಲಯ ಎಲ್ಲ ನನ್ನ ಅಕ್ಕನೇ. ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದಳು. ಅಪ್ಪ ಅವಳಿಗೆ ಗಂಡು ಹುಡುಕುತ್ತಿದ್ದರು, ಅವಳು ತನ್ನ ಧಾರಾವಾಹಿಯ ನಾಯಕಿಗೆ ಹುಡುಕುತ್ತಿದ್ದಳು.

ಫುಲ್‌ಸ್ಕೇಪ್ ಹಾಳೆಗಳನ್ನು ನಡುವೆ ಮಡಚಿ, ಸೂಜಿದಾರದಿಂದ ಬೆನ್ನು ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಮೈದಾ ಅಂಟಿನಿಂದ ಮೇಲೆ ಅಂಟಿಸುತ್ತಿದ್ದಳು. ಒಳಗೆ ನಲ್ಲಿ ಜಗಳದ ವರದಿ, ಒಗಟು, ಧಾರಾವಾಹಿ. ಅವಳ ಅಕ್ಷರ ನೋಡಿ ಅಚ್ಚಿನ ಮೊಳೆ ನಾಚಬೇಕು. ಕೊನೆಯ ಎರಡು ಪುಟ ಖಾಲಿ. ಓದಿದವರು ಅಲ್ಲಿ ಅಭಿಪ್ರಾಯ ಬರೆದು ಪಕ್ಕದ ಮನೆಗೆ ದಾಟಿಸಬೇಕು. ಆ ಎರಡು ಪುಟದ ಆಸೆಗೇ ಅವಳು ಉಳಿದದ್ದೆಲ್ಲ ಬರೆಯುತ್ತಿದ್ದಳೆಂದು ನನ್ನ ಗುಮಾನಿ.

ಅಕ್ಕನದು ಮಳೆಗಾಲದ ಕೆಮ್ಮು ಎಂದುಕೊಂಡದ್ದು ಕ್ಷಯವಾಗಿತ್ತು. ತಡವಾಗಿ ಕರೆತಂದಿರಿ ಎಂದರು ಡಾಕ್ಟರು. ಚಾಳಿನ ಗೋಡೆಗೂ ಕಿವಿ. ನಾವು ಔಷಧ ಹಿಡಿದು ಮನೆಗೆ ಬರುವಷ್ಟರಲ್ಲಿ ಸುದ್ದಿ ಎಲ್ಲರಿಗೂ ತಲುಪಿತ್ತು.

ದಿಂಬಿಗೆ ಒರಗಿಕೊಂಡೇ ಅವಳು ದಸರಾ ಸಂಚಿಕೆ ಮುಗಿಸಿದಳು. ಎಂದಿನಂತೆ ನಾನು ಕೊಟ್ಟುಬರಲು ಹೊರಟೆ. ಮೊದಲ ಮನೆ ವಿಜಾಪುರದ ಕಡೆಯ ಹೆಂಗಸಿನದು. ನಾಯಕಿಯ ಮದುವೆ ಆಯಿತೇ ಎಂದು ತಿಂಗಳಿಡೀ ನಮ್ಮನ್ನು ಪೀಡಿಸುತ್ತಿದ್ದವಳು.

“ಕೈಯೆಲ್ಲಾ ಹಿಟ್ಟಾಗೇತಿ ತಂಗಿ, ನಾಳೆ ನಾನೇ ಬಂದು ಒಯ್ತೀನಿ” ಎಂದಳು. ಕೈಯಲ್ಲಿ ಹಿಟ್ಟಿರಲಿಲ್ಲ.

ಪಕ್ಕದ ಮನೆಯಲ್ಲಿ ಕಣ್ಣು ನೋವು, ಅದರಾಚೆ ನೆಂಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಮಾತುಗಳು. ಒಬ್ಬರು ಸೆರಗಿನಲ್ಲಿ ಹಿಡಿದು ತೆಗೆದುಕೊಂಡು ಸಂಜೆಯೇ ನಮ್ಮ ಹೊಸಿಲ ಮೇಲೆ ಇಟ್ಟು ಹೋದರು. ಇಷ್ಟು ವರ್ಷದ ಮೇಲೂ ನನಗೆ ಅವರ ಮೇಲಿನ ಸಿಟ್ಟು ಇಳಿದಿಲ್ಲ.

“ಎಲ್ಲರಿಗೂ ಹಬ್ಬದ ಗಡಿಬಿಡಿ ಅಂತೆ” ಎಂದೆ. ಅಕ್ಕ ಖಾಲಿ ಪುಟಗಳನ್ನು ತಿರುವಿ ನೋಡಿದಳು. ಆಮೇಲೆ ಹೇಳಿದಳು:

“ನೀನು ಬರಿ. ಹೊಸ ಹಾಳೆ ತಾ. ನಾನು ಇಲ್ಲಿಂದ ಹೇಳ್ತೇನೆ, ನೀನು ಬಾಗಿಲ ಹತ್ತಿರ ಕೂತು ಬರಿ. ನಾನು ಮುಟ್ಟಲೇ ಇಲ್ಲ ಅಂತ ಎಲ್ಲರಿಗೂ ಗೊತ್ತಾಗಲಿ.”

“ಅಂಥವರಿಗೆ ಎಂತಕ್ಕೆ ಅಕ್ಕ ಓದಲಿಕ್ಕೆ ಕೊಡುವುದು?”

“ನನಗೆ ಓದುವವರು ಬೇರೆ ಯಾರಿದ್ದಾರೆ ಮಾರಾಯ್ತಿ?”

ಶಾಲೆಯಿಂದ ಬಂದು ಬಾಗಿಲು ತೆರೆದಿಟ್ಟು, ಮನೆಗಳ ಮುಂದಿನ ಗ್ಯಾಲರಿಯಲ್ಲಿ ಹೋಗಿಬರುವವರಿಗೆಲ್ಲ ಕಾಣುವಂತೆ ಕೂತು ಬರೆದೆ. ನನ್ನ ಅಕ್ಷರವೋ ಕಾಗೆ ಕಾಲು ಗುಬ್ಬಿ ಕಾಲು. ಅವಳು ಒಂದು ವಾಕ್ಯ ಹೇಳುವಳು, ಕೆಮ್ಮುವಳು, ನಾನು ಪೆನ್ನು ಎತ್ತಿ ಕಾಯುವೆ. ಕೊನೆಗೂ ನಾಯಕಿಗೆ ಮದುವೆ ಮಾಡಿಸಿದಳು. ಮುಖಪುಟದ ಚಿತ್ರ ಬರೆಯಲು ಅವಳ ಕೈ ತುರಿಸುತ್ತಿತ್ತು. ಆದರೂ ಮುಟ್ಟಲಿಲ್ಲ.

ಆ ಸಂಚಿಕೆ ಎಲ್ಲರ ಮನೆಗೂ ಹೋಯಿತು. ಎರಡೂ ಪುಟ ತುಂಬಿ ವಾಪಸು ಬಂತು. ನಾನು ದೂರದಿಂದ ಅಗಲಿಸಿ ಹಿಡಿದೆ, ಅವಳು ಓದಿಕೊಂಡಳು. ವಿಜಾಪುರದವಳು ಬರೆದಿದ್ದಳು: “ಕತಿ ಭಾಳ ಛಲೋ ಬಂದೈತಿ. ಈ ಸಲ ಅಕ್ಷರ ಮೊದಲಿನಕಿಂತ ಚೆಂದ ಅದಾವ.”

“ನೋಡು, ನಿನಗೆ ಎಷ್ಟು ಒಳ್ಳೆ ಹೆಸರು ಬಂತು” ಎಂದು ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಮತ್ತೆ ಗೋಡೆಯ ಕಡೆ ತಿರುಗಿ ಮಲಗಿ ಅತ್ತಳು. ರೋಗ ಗೊತ್ತಾದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಚಳಿಗಾಲ ಮುಗಿಯುವ ಮೊದಲೇ ಅವಳು ತೀರಿಹೋದಳು. ಅವಳು ಮುಟ್ಟಿದ್ದನ್ನೆಲ್ಲ ಸುಡಬೇಕೆಂದು ಚಾಳಿನವರು ಪಟ್ಟು ಹಿಡಿದರು. ನಾನು ಶಾಲೆಗೆ ಹೋಗಿದ್ದಾಗ ಅಪ್ಪ ಹಾಸಿಗೆ, ಸೀರೆ, ಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಹಿತ್ತಲಿನ ಮೈದಾನಕ್ಕೆ ಒಯ್ದು ಬೆಂಕಿ ಹಚ್ಚಿದರು. ಅವಳು ಮುಟ್ಟದ ಆ ಒಂದನ್ನು ಮಾತ್ರ ಉಳಿಸಿದರು.

ಅದು ಈಗಲೂ ನನ್ನ ಹತ್ತಿರ ಇದೆ. ತೆರೆದರೆ ಅವಳು ಹೇಳಿದ ಮಾತೆಲ್ಲ ಸಿಗುತ್ತದೆ. ಅವಳು ಬರೆದ ಒಂದು ಅಕ್ಷರವೂ ನನ್ನ ಬಳಿ ಇಲ್ಲ.