ಬೆಚ್ಚನೆಯ ಕೈ ಮತ್ತು ಒಂದು ಬಿಳಿ ಕೂದಲು

ಮನುಷ್ಯನ ಮಿದುಳನ್ನು ಒಂದು ಮನೆಯೆಂದುಕೊಂಡರೆ, ಅದರ ಮೇಲ್ಮಹಡಿಯನ್ನು ಹಾಡಿ ಹೊಗಳಿದವರು ಬಹಳ, ದೀಪ ಹಿಡಿದು ನೆಲಮಾಳಿಗೆಗೆ ಇಳಿದವರು ಕಡಿಮೆ. ಮಾತು, ಲೆಕ್ಕ, ತರ್ಕಗಳೆಲ್ಲ ಮೇಲೆ ವಾಸವಾಗಿರಬಹುದು. ಆದರೆ ಭಯ, ಅಗಲಿಕೆಯ ಸಂಕಟ, ಆಟದ ಹಿಗ್ಗು ಇವೆಲ್ಲ ಕೆಳಗಿನ ಹಳೆಯ ಕೋಣೆಗಳಲ್ಲಿ ಹುಟ್ಟುತ್ತವೆ, ಆ ಕೋಣೆಗಳು ನಮಗೂ ಇಲಿಗೂ ಹೆಚ್ಚುಕಡಿಮೆ ಒಂದೇ ಎಂದು ತೋರಿಸಲು ಇಡೀ ವೃತ್ತಿಜೀವನವನ್ನು ಮುಡಿಪಿಟ್ಟ ಕೆಲವೇ ವಿದ್ವಾಂಸರಲ್ಲಿ, ಈ ತಿಂಗಳು ನಮ್ಮ ಸಂಸ್ಥೆಯಿಂದ ನಿವೃತ್ತರಾದ ನಮ್ಮ ಮೇಡಂ ಒಬ್ಬರು. ಪದವಿ, ಬಿರುದುಗಳಿಗೆ ಅವರಲ್ಲಿ ಬರವಿಲ್ಲ. ಆದರೂ ನಮ್ಮ ಕಾರಿಡಾರಿನಲ್ಲಿ ‘ಮೇಡಂ’ ಎಂದರೆ ಅವರೊಬ್ಬರೇ, ಬೆನ್ನ ಹಿಂದೆ ‘ಮಡಿ ಮೇಡಂ’ ಎಂದರೂ ಅವರೇ. ಆ ಅಡ್ಡಹೆಸರು ಬಂದ ಬಗೆಯನ್ನು ಹೇಳದೆ ಅವರ ಈ ಅಭಿನಂದನ ಸಂಪುಟವನ್ನು ಮುಚ್ಚುವುದು ತಪ್ಪಾದೀತು.

ಸೇವೆಗೆ ಸೇರಿದಾಗ ಅವರಿಗೆ ಸಿಕ್ಕಿದ್ದು ಕಟ್ಟಡದ ಹಿಂಬದಿಯಲ್ಲಿದ್ದ, ಕಿಟಕಿಯೇ ಇಲ್ಲದ ಒಂದು ಕೋಣೆ. ಇಲಿಗಳ ಕಣ್ಣಿಗೆ ಕೆಂಪು ಬೆಳಕು ಕತ್ತಲೆಯೇ ಆದ್ದರಿಂದ ಅಲ್ಲಿ ಹಗಲಿರುಳೂ ಒಂದು ಮಂದವಾದ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ಹೋದವರ ನಡಿಗೆ ತಾನಾಗಿಯೇ ನಿಧಾನವಾಗುತ್ತಿತ್ತು, ದನಿ ತಗ್ಗುತ್ತಿತ್ತು, ಹೊರಗೆ ಬೆಳಿಗ್ಗೆಯೋ ಸಂಜೆಯೋ ಎಂಬುದು ಮರೆತುಹೋಗುತ್ತಿತ್ತು. ಮೇಡಂ ಬಿಸಿನೀರಿನ ಬೋಗುಣಿಯಲ್ಲಿ ಕೈಗಳನ್ನು ಅದ್ದಿ, ಒರೆಸಿಕೊಂಡು, ಒಂದು ಮರಿ ಇಲಿಯನ್ನು ಅಂಗಾತ ಮಲಗಿಸಿ ಅದರ ಹೊಟ್ಟೆಗೆ ಕಚಗುಳಿ ಇಡುತ್ತಿದ್ದರು. ಮನುಷ್ಯರ ಕಿವಿಗೆ ನಿಲುಕದಷ್ಟು ತೆಳುವಾದ ಅದರ ಚಿಲಿಪಿಲಿಯನ್ನು ಒಂದು ಯಂತ್ರ ನಮಗಾಗಿ ತಗ್ಗಿಸಿ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ದೂರದ ಕೋಣೆಯಲ್ಲಿ ಯಾರೋ ಗಾಜಿನ ಮಣಿಗಳನ್ನು ಚೆಲ್ಲಿದಂತಹ ಸದ್ದು ಅದು. ಕೈ ಹಿಂದೆಗೆದರೆ ಇಲಿ ಆ ಕೈಯನ್ನೇ ಅಟ್ಟಿಸಿಕೊಂಡು ಬರುತ್ತಿತ್ತು.

“ಇಲಿ ನಗುತ್ತೆ ಅಂತೀರಲ್ಲ, ನಾಳೆ ಜೋಕ್ ಹೇಳುತ್ತೆ ಅನ್ನಬೇಡಿ!” ಎಂದು ಅಂದಿನ ನಿರ್ದೇಶಕರು ತುಂಬಿದ ಸಭೆಯಲ್ಲಿ ಛೇಡಿಸಿದ್ದುಂಟು.

“ನಗು ಅನ್ನೋದು ದೊಡ್ಡ ಮಾತೇ ಸರ್, ನನಗೂ ಗೊತ್ತು. ಬೇರೆ ಹೆಸರು ಸಿಗೋವರೆಗೆ ಆ ಪದಾನ ಇಲಿಗೂ ಸ್ವಲ್ಪ ಬಿಟ್ಟುಕೊಡೋಣ,” ಎಂದು ಮೇಡಂ ಅಷ್ಟೇ ಮೆಲ್ಲಗೆ ಉತ್ತರಿಸಿ ಕೂತಿದ್ದರು. ಜಗಳವಾಡಿ ಗೆಲ್ಲುವುದು ಅವರ ಜಾಯಮಾನವಲ್ಲ.

ಅವರು ವಿದ್ಯಾರ್ಥಿಗಳಿಗೆ ಮೊದಲು ಕಲಿಸುತ್ತಿದ್ದುದು ಕೈ ಬೆಚ್ಚಗೆ ಮಾಡಿಕೊಳ್ಳುವುದನ್ನು; ಮಿದುಳಿನ ನಕ್ಷೆ ಅದರ ನಂತರ. ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಅಲ್ಲಿಂದ ನೇರವಾಗಿ ಕೆಲಸಕ್ಕೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳ ಕೈಯಲ್ಲಿ ಇಲಿಗಳು ಆಡದೆ ಮುದುಡಿಕೊಂಡಾಗ ಅವರು ಅವಳನ್ನು ಗದರಲಿಲ್ಲ. “ಇವತ್ತು ನಿನ್ನ ಕೈ ಇಲ್ಲಿಲ್ಲ ಮಗಳೇ. ಅದು ಎಲ್ಲಿದೆಯೋ ಅಲ್ಲಿಗೆ ನೀನೂ ಹೋಗು,” ಎಂದು ಕಾರಿನಲ್ಲಿ ಕೂರಿಸಿಕೊಂಡು ತಾವೇ ಆಸ್ಪತ್ರೆಗೆ ಬಿಟ್ಟುಬಂದರು. ಆ ವಿದ್ಯಾರ್ಥಿನಿಯೇ ಇಂದು ಈ ಪ್ರಯೋಗಾಲಯದ ಹೊಣೆ ಹೊತ್ತಿರುವುದು ನಮಗೆಲ್ಲ ಸಂತೋಷದ ಸಂಗತಿ.

ಹೀಗೆ ಪರರ ಸಂಕಟವನ್ನು ಇಲಿಯ ಮೌನದಲ್ಲೇ ಓದಬಲ್ಲವರಿಗೆ ತಮ್ಮ ಮನೆಯ ಸಂಕಟ ಮಾತ್ರ ಓದಲು ಬಾರದೆ ಹೋದ ಒಂದು ಕಾಲವಿತ್ತು. ಮೇಡಂ ನಡುವಯಸ್ಸಿಗೆ ಬಂದ ಹೊತ್ತಿಗೆ ಅವರ ಪತಿ ಹಠಾತ್ತನೆ ತೀರಿಕೊಂಡರು. ಇನ್ನೂ ಹಲ್ಲು ಬಿದ್ದು ಹುಟ್ಟುತ್ತಿದ್ದ ವಯಸ್ಸಿನ ಒಬ್ಬಳೇ ಮಗಳು ನಗುವುದನ್ನು ಬಿಟ್ಟಳು. ಕೇಳಿದರೆ ಹೂಂ ಎನ್ನುವಳು, ಬಡಿಸಿದರೆ ತಿನ್ನುವಳು, ಅಷ್ಟೇ. ಪಕ್ಕದ ಮನೆಯ ಅಜ್ಜಿ ಒಂದು ಬಿಳಿಯ ಬೆಕ್ಕಿನ ಮರಿಯನ್ನು ತಂದುಕೊಟ್ಟರು. ಮಗಳು ಅದಕ್ಕೆ ‘ಹತ್ತಿ’ ಎಂದು ಹೆಸರಿಟ್ಟಳು. ಕೆಲಸದಲ್ಲಿ ದುಃಖ ಮರೆಯುತ್ತಿದ್ದ ಮೇಡಂ, ಮಗಳು ಏಳುವ ಮೊದಲೇ ಹೊರಡುತ್ತಿದ್ದರು, ಮಲಗಿದ ಮೇಲೆ ಮರಳುತ್ತಿದ್ದರು. ಹತ್ತಿಯನ್ನು ಅವರು ಕಂಡಿದ್ದೆಲ್ಲ ಕುರ್ಚಿಯ ಮೇಲೆ ಬಿಚ್ಚಿಟ್ಟ ತಮ್ಮ ಕೋಟಿನ ಮೇಲೆ ಸುರುಳಿ ಸುತ್ತಿ ನಿದ್ರಿಸುವಾಗ ಮಾತ್ರ.

ಅದೇ ಸಮಯಕ್ಕೆ ಕೆಂಪು ದೀಪದ ಕೋಣೆಯಲ್ಲಿ ಗಾಜಿನ ಮಣಿಗಳ ಸದ್ದು ನಿಂತುಹೋಯಿತು. ಇಲಿಗಳು ಆಡಲೊಲ್ಲವು, ಮೂಲೆಯಲ್ಲಿ ಕಲ್ಲಿನಂತೆ ಕೂತುಬಿಡುವವು. ಮೈಕು ಬದಲಾಯಿತು, ಆಹಾರ ಬದಲಾಯಿತು, ನೆಲ ಒರೆಸುವ ದ್ರಾವಣವೂ ಬದಲಾಯಿತು, ಏನೂ ಉಪಯೋಗವಾಗಲಿಲ್ಲ. ವರ್ಷಾಂತ್ಯದೊಳಗೆ ಫಲಿತಾಂಶ ಬಾರದಿದ್ದರೆ ಕೋಣೆಯನ್ನು ಬೇರೆ ವಿಭಾಗಕ್ಕೆ ಕೊಡುವುದಾಗಿ ನಿರ್ದೇಶಕರು ತಿಳಿಸಿದರು. ಒಂದು ಮಧ್ಯಾಹ್ನ ಮೇಡಂ ಇಲಿಮರಿಯೊಂದನ್ನು ಎತ್ತಲು ಕೈ ಚಾಚಿದಾಗ, ಕೋಟಿನ ತೋಳಿನ ಮೇಲೆ ಒಂದು ಕೂದಲು ಕೆಂಪು ಬೆಳಕಿನಲ್ಲಿ ಮಿನುಗಿತು. ಬೆಕ್ಕಿನ ಕೂದಲು! ಬೆಕ್ಕನ್ನು ಕಂಡೇ ಇಲ್ಲದ ಇಲಿಯೂ ಅದರ ವಾಸನೆಗೆ ಆಟ ಬಿಡುತ್ತದೆ ಎಂಬುದು ನಮ್ಮ ಶಾಸ್ತ್ರದ ಅಆಇಈ. ಅದನ್ನು ವರ್ಷವರ್ಷವೂ ಪಾಠ ಮಾಡುತ್ತಿದ್ದವರೂ ಅವರೇ. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ ಇರಬೇಕು.

“ಸದ್ಯ, ಇಷ್ಟೇನಾ! ಬೆಕ್ಕನ್ನ ಯಾರಿಗಾದ್ರೂ ಕೊಟ್ಬಿಡಿ ಮೇಡಂ,” ಎಂದರು ನಿರ್ದೇಶಕರು. ಮೇಡಂ ಅವರಿಗೂ ಅದೇ ಸರಿಯೆನಿಸಿತು. ಮರಿಯನ್ನು ಅಜ್ಜಿಗೆ ಹಿಂದಿರುಗಿಸುವ ನಿರ್ಧಾರ ಮಾಡಿಕೊಂಡು ಅಂದು ಬಿಸಿಲಿರುವಾಗಲೇ ಮನೆಗೆ ಹೊರಟರು.

ಮುಂದಿನದನ್ನು ಅವರೇ ನಮಗೆ ಹೇಳಿದ್ದು, ಪ್ರತಿ ಸಲವೂ ಅದೊಂದು ಕನಸೆಂಬಂತೆ. ಬಾಗಿಲು ತೆರೆದಿತ್ತು. ಪರದೆಯಿಂದ ಸೋಸಿ ಬಂದ ಬಿಸಿಲು ನೆಲದ ಮೇಲೆ ಅಲುಗಾಡುತ್ತಿತ್ತು. ಮಗಳು ಹೊದಿಕೆಯೊಂದರ ಕೆಳಗೆ ಬೆರಳುಗಳನ್ನು ಓಡಿಸುತ್ತಿದ್ದಳು, ಹತ್ತಿ ಆ ಬೆರಳುಗಳ ಮೇಲೆ ಹಾರಿ ಬೀಳುತ್ತಿತ್ತು. ಮೇಡಂ ದಿನವೂ ಇಲಿಗಳಿಗಾಗಿ ಓಡಿಸುತ್ತಿದ್ದ ಬೆರಳುಗಳೇ ಅವು: ಅದೇ ಓಟ, ಅದೇ ಅರೆಕ್ಷಣದ ತಡೆ, ಅದೇ ಹಠಾತ್ ಕಚಗುಳಿ. ಮಗಳು ನಗುತ್ತಿದ್ದಳು. ಎಷ್ಟೋ ಕಾಲದಿಂದ ಕೇಳದ ಆ ನಗು ಮನೆಯ ತುಂಬ ಚೆಲ್ಲಿಕೊಂಡಿತ್ತು.

“ಅಮ್ಮಾ, ಒಳಗೆ ಬರಬೇಡ, ಅಲ್ಲೇ ಇರು! ಈಗ ಹತ್ತೀದು ಗೆಲ್ಲೋ ಸರದಿ,” ಎಂದಳು ಮಗಳು.

ಮೇಡಂ ಹೊಸ್ತಿಲಲ್ಲೇ ನಿಂತು ಅತ್ತರು. ಒಂದು ಕೋಣೆಯ ನಗುವನ್ನು ಉಳಿಸಲು ಇನ್ನೊಂದು ಕೋಣೆಯ ನಗುವನ್ನು ಕೊಲ್ಲಲು ಹೊರಟಿದ್ದೆನಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತಹ ದಾರಿಯೊಂದನ್ನು ಅವರು ಮರುದಿನವೇ ಹುಡುಕಿದರು. ಇಲಿಕೋಣೆಯ ಪಕ್ಕದ ಉಗ್ರಾಣಕ್ಕೆ ನಲ್ಲಿ ಹಾಕಿಸಿ ಅದನ್ನೇ ಬಚ್ಚಲು ಮಾಡಿಸಿದರು. ಮನೆಯ ಬಟ್ಟೆಯನ್ನು ಹೊರಗೇ ಬಿಟ್ಟು, ತಲೆಗೆ ನೀರು ಹಾಕಿಕೊಂಡು, ಅಲ್ಲಿಯೇ ಒಗೆದಿಟ್ಟ ಬಟ್ಟೆ ತೊಟ್ಟು ಒಳಗೆ ಹೋಗತೊಡಗಿದರು. ಪಂಜರಗಳೂ ಹೊಸತಾದವು. ವರ್ಷ ಮುಗಿಯುವ ಮೊದಲೇ ಇಲಿಗಳು ನಕ್ಕವು, ಕೋಣೆ ಉಳಿಯಿತು, ಮೇಡಂ ಸಂಜೆಗೆ ಸರಿಯಾಗಿ ಮನೆ ಸೇರುವುದೂ ರೂಢಿಯಾಯಿತು. ಚಳಿಗಾಲದ ಬೆಳಿಗ್ಗೆ ಒದ್ದೆ ತಲೆಯಲ್ಲಿ ನಡುಗುತ್ತ ನಾವು ‘ಮಡಿ ಮೇಡಂ’ಗೆ ಹಿಡಿಶಾಪ ಹಾಕಿದ್ದೇನೋ ನಿಜ. ಆದರೆ ಸಾಕಿದ ಪ್ರಾಣಿಯನ್ನು ಬಿಟ್ಟು ಬಾ ಎಂದು ಅವರು ಯಾರಿಗೂ ಹೇಳಲಿಲ್ಲ. ಇಂದು ಆ ಬಚ್ಚಲು ನಮ್ಮ ಪ್ರಯೋಗಾಲಯದ ನಿಯಮವೇ ಆಗಿಬಿಟ್ಟಿದೆ.

ಹತ್ತಿ ಬಹುಕಾಲ ಬಾಳಿತು. ಮಗಳು ಬೆಳೆದು ಮಕ್ಕಳ ವೈದ್ಯೆಯಾದಳು. ಮೇಡಂ ಅವರ ಕೆಲಸದ ಕೊನೆಯ ವಾರದಲ್ಲಿ ಹತ್ತಿ, ಕುರ್ಚಿಯ ಮೇಲಿನ ಅದೇ ಕೋಟಿನ ಮೇಲೆ ಮಲಗಿದ್ದು ಮತ್ತೆ ಏಳಲಿಲ್ಲ.

ಕೊನೆಯ ದಿನ ಇಲಿಗಳಿಗೆ ವಿದಾಯ ಹೇಳಲೆಂದು ತಾಯಿ ಮಗಳು ಇಬ್ಬರೂ ಬಂದರು. ಮೇಡಂ ಆ ಕೋಟನ್ನೇ ತೊಟ್ಟಿದ್ದರು. ಬಚ್ಚಲಿನಲ್ಲಿ ಬಿಸಿನೀರು ಸಿದ್ಧವಿತ್ತು. ಅವರು ಬಾಗಿಲವರೆಗೆ ಹೋದರು, ಕೋಟಿನ ತೋಳಿಗಂಟಿದ್ದ ಬಿಳಿ ಕೂದಲನ್ನು ನೋಡಿಕೊಂಡರು, ನಿಂತರು.

“ಇವತ್ತು ನನಗೆ ಇದನ್ನ ತೊಳ್ಕೊಳ್ಳೋಕೆ ಮನಸ್ಸಿಲ್ಲ ಕಣೇ. ನೀನು ಸ್ನಾನ ಮಾಡಿ ಹೋಗು.”

“ಕಚಗುಳಿ ಇಡೋಕೆ ನಂಗೆ ಬರುತ್ತಾ ಅಮ್ಮಾ?”

“ನಿನಗೆ ಚಿಕ್ಕವಳಿದ್ದಾಗ್ಲೇ ಬರ್ತಿತ್ತು. ಕೈ ಮಾತ್ರ ಬೆಚ್ಚಗೆ ಮಾಡ್ಕೋ.”

ಮಗಳು ಒಳಗೆ ಹೋದಳು. ಮೇಡಂ ಮುಚ್ಚಿದ ಬಾಗಿಲಿನ ಹೊರಗೆ, ಸ್ಪೀಕರಿನ ಪಕ್ಕದ ಬೆಂಚಿನಲ್ಲಿ, ಕೋಟಿನ ತೋಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕೂತರು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಗಾಜಿನ ಮಣಿಗಳು ಒಂದೊಂದಾಗಿ ಚೆಲ್ಲತೊಡಗಿದವು, ಅವುಗಳ ನಡುವೆ ಮಗಳ ನಗುವೂ. ಯಾವುದು ಯಾರದೆಂದು ಬೇರ್ಪಡಿಸಲು ಅಲ್ಲಿದ್ದ ನಾವ್ಯಾರೂ ಹೋಗಲಿಲ್ಲ.

ಜೊತೆಗಾರರನ್ನು ಕಳೆದುಕೊಂಡ ಪ್ರಾಣಿಗಳ ದುಃಖವನ್ನು ಕುರಿತ ಪುಸ್ತಕವೊಂದನ್ನು ಮೇಡಂ ಇನ್ನು ಮುಂದೆ ಮನೆಯಲ್ಲಿ ಬರೆಯಲಿದ್ದಾರೆ. ಅದನ್ನು ಮುಗಿಸಿ, ಅದರ ಮುಂದಿನದನ್ನೂ ಬರೆಯುವಷ್ಟು ಆಯುಸ್ಸು ಅವರದಾಗಲಿ, ಅವರ ಕೈಗಳು ಸದಾ ಬೆಚ್ಚಗಿರಲಿ. ಆ ಕೋಟನ್ನು ಮಾತ್ರ ಯಾರೂ ಒಗೆಯದಿರಲಿ.