ದೂಮಪ್ಪನವರ ಒಂಟಿ ಆಲ್ಬಮ್

ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ನಮ್ಮ ದೂಮಪ್ಪನವರ ಪರಿಚಯವಿಲ್ಲದ ಕನ್ನಡದ ಮನೆ ಕಡಿಮೆ. ಊರು ಪಡುಬಿದ್ರಿ, ಕೆಲಸ ಸೇತುವೆಗಳ ಇಂಜಿನಿಯರ್. ಪ್ರತಿ ಶುಕ್ರವಾರ ಅವರ ಮನೆಯ ಬೇಸ್‌ಮೆಂಟಿನಲ್ಲಿ ಭಜನೆ. ತಬಲಾದವನಿಗೆ ಆಫೀಸಿನ ಕಾಲ್ ಬಂದರೆ ತಬಲಾಕ್ಕೆ ಇವರೇ, ಹಾರ್ಮೋನಿಯಂನವರು ಊರಿಗೆ ಹೋದರೆ ಅದಕ್ಕೂ ಇವರೇ. ಇವರು ಒಂದು ಸಾಲು ಹಾಡಿದರೆ ನಾವೆಲ್ಲ ಅದನ್ನೇ ತಿರುಗಿ ಹಾಡಬೇಕು. ಹಾಗೆ ಹಾಡುವ ನಮಗೆಲ್ಲ ಮುಂದಾಳು ಅವರ ಹೆಂಡತಿ ಪ್ರೇಮಾವತಿ. ಆಕೆಯ ದನಿ ಏಳದಿದ್ದರೆ ನಮ್ಮದು ಬರೀ ಗೊಣಗಾಟ.

2020ರ ಆರಂಭದಲ್ಲಿ ಅವರ ಮಗಳು ಅಕ್ಷಯಾ ಕಾರಿನಲ್ಲಿ ಯಾರೋ ಇಂಗ್ಲಿಷ್ ಗಾಯಕನ ಪಾಪ್ ಆಲ್ಬಮ್ ಹಾಕಿದಳು. ಡ್ರಮ್ ಯಾರದು ಎಂದರೆ ಅವನದೇ. ಗಿಟಾರ್, ಪಿಯಾನೋ ಅವನದೇ. ಹಿಂದೆ ದನಿಗೂಡಿಸುವವರು ಯಾರು ಎಂದರೆ ಅದೂ ಅವನೇ.

"ಪಾಪ, ಅವನಿಗೆ ಜನ ಸಿಗ್ಲಿಲ್ವಾ ಮಗಾ?" ಎಂದು ಕೇಳಿದರಂತೆ ದೂಮಪ್ಪ. ಇದನ್ನೇ ನಮಗೆ ಹೇಳಿ ಹೇಳಿ ನಗಿಸಿದರು.

ಅಷ್ಟರಲ್ಲಿ ಕೊರೋನಾ ಬಂತು. ಜನ ಸಿಗದ ಸರದಿ ಈಗ ಇವರದು. ಆನ್‌ಲೈನ್ ಭಜನೆ ಮಾಡಿ ನೋಡಿದೆವು. ಒಬ್ಬರ ದನಿ ಹೋಗಿ ಮುಟ್ಟುವಷ್ಟರಲ್ಲಿ ಇನ್ನೊಬ್ಬರು ಮುಂದಿನ ಸಾಲಿನಲ್ಲಿ, ತಾಳ ನೆಲ ಕಚ್ಚಿತು. ಪ್ರೇಮಾವತಿ ಆಸ್ಪತ್ರೆಯಲ್ಲಿ ನರ್ಸ್, ಕೊರೋನಾ ವಾರ್ಡಿನ ಡ್ಯೂಟಿ. ಮನೆಯವರಿಗೆ ಅಂಟಬಾರದೆಂದು ಭಜನೆಯ ಬೇಸ್‌ಮೆಂಟಿನಲ್ಲೇ ಒಬ್ಬರೇ ಇದ್ದರು. ದೂಮಪ್ಪ ಊಟವನ್ನು ಮೆಟ್ಟಿಲ ಮೇಲೆ ಇಟ್ಟುಬರುತ್ತಿದ್ದರು. ಬಾಗಿಲು ಹಾಕಿಕೊಂಡರೆ ಆಕೆಯ ದನಿಯೇ ಇಲ್ಲ. ಫೋನ್ ಮಾಡಿದರೂ ಹೂಂ, ಊಹೂಂ ಅಷ್ಟೇ. ದೂಮಪ್ಪನವರಿಗೆ ಕೊರೋನಾಕ್ಕಿಂತ ಆ ಮೌನದ್ದೇ ಹೆದರಿಕೆಯಾಯಿತು. ಹೇಗಾದರೂ ಆಕೆಯನ್ನು ಹಾಡಿಸಬೇಕಿತ್ತು.

ಆಗ ನೆನಪಾದವನು ಅದೇ ಇಂಗ್ಲಿಷಿನವ. ಅವನ ಆಲ್ಬಮ್ಮನ್ನು ಮತ್ತೆ ಮತ್ತೆ ಕೇಳಿದರು. ಒಂದರ ಮೇಲೊಂದು ರೆಕಾರ್ಡ್ ಮಾಡುವುದನ್ನು ಮಗಳಿಂದ ಕಲಿತರು. ಹೊರಗಿನ ಸದ್ದು ಬಾರದಂತೆ ಹೆಂಡತಿಯ ಸೀರೆಗಳ ಕ್ಲಾಸೆಟ್ಟಿನಲ್ಲಿ, ಅಂದರೆ ಬಟ್ಟೆಯ ಕೋಣೆಯಲ್ಲಿ, ಕೂತು ಮೊದಲು ತಾಳ, ಆಮೇಲೆ ತಬಲಾ, ಹಾರ್ಮೋನಿಯಂ, ಕೊನೆಗೆ ಹಾಡು. ತಿರುಗಿ ಹಾಡುವ ನಮ್ಮೆಲ್ಲರ ಪಾಲನ್ನೂ ದನಿ ಬದಲಿಸಿ ತಾವೇ ಹಾಡಿದರು. ಹೆಂಗಸರ ದನಿಗೆ ಗಂಟಲು ಹಿಂಡಿಕೊಂಡದ್ದು ಚೆನ್ನಾಗಿಯೇ ಗೊತ್ತಾಗುತ್ತಿತ್ತು. ವಾಟ್ಸ್ಆ್ಯಪ್ಪಿನಲ್ಲಿ ಬಂದ ಆಲ್ಬಮ್ಮಿಗೆ ನಾವೆಲ್ಲ ಕೈಮುಗಿದ ಚಿತ್ರ ಕಳಿಸಿದೆವು. ಜೊತೆಗೆ ಹಾಡಿದವರು ಒಬ್ಬರೂ ಇಲ್ಲ. ನಾನಂತೂ ಬೀನ್ಸ್ ಹೆಚ್ಚುತ್ತ ಕೇಳಿದೆ.

ಪ್ರೇಮಾವತಿಯೂ ಕೇಳಿ, ಕೆಳಗಿನಿಂದ ಫೋನ್ ಮಾಡಿದರು. "ಚಂದ ಉಂಟು. ಆದ್ರೆ ನಮ್ಗೆ ಹಾಡ್ಲಿಕ್ಕೆ ಜಾಗ ಎಲ್ಲುಂಟು?"

ದೂಮಪ್ಪನವರ ಮುಖ ಸಣ್ಣದಾಯಿತು. ಎರಡು ದಿನ ಕಾಫಿಯಲ್ಲಿ, ಮಗಳಲ್ಲಿ, ಲ್ಯಾಪ್‌ಟಾಪಿನಲ್ಲಿ ತಪ್ಪು ಹುಡುಕಿದರು. ಆಮೇಲೆ ಕೂತು, ತಿರುಗಿ ಹಾಡಿದ್ದ ತಮ್ಮ ದನಿಗಳನ್ನೆಲ್ಲ ಅಳಿಸಿದರು. ಇಂಗ್ಲಿಷಿನವನಿಗೆ ಒಂಟಿಯಾಗಿ ಹಾಡುವುದು ಇಷ್ಟವಿರಬಹುದು, ಭಜನೆಗೆ ಅದು ಹಿಡಿಸುವುದಿಲ್ಲ.

ಮುಂದಿನ ಶುಕ್ರವಾರದ ಸಂಜೆ ನಡೆದದ್ದನ್ನು ಅಕ್ಷಯಾ ನನಗೆ ಹೇಳಿದಳು. ಬೇಸ್‌ಮೆಂಟಿನ ಬಾಗಿಲ ಎದುರು ಸ್ಪೀಕರ್ ಇಟ್ಟರು. ಮೊದಲ ಸಾಲು ಮುಗಿಯಿತು, ಬರೀ ತಾಳ ತಬಲಾ ಉಳಿಯಿತು. ಅಕ್ಷಯಾ ಮೆಲ್ಲಗೆ ಹಾಡಿದಳು. ಎರಡನೆಯ ಸಾಲು ಮುಗಿದಾಗಲೂ ಕೆಳಗಿನಿಂದ ಏನೂ ಇಲ್ಲ. ಮೂರನೆಯ ಸಾಲಿಗೆ, ಮುಚ್ಚಿದ ಬಾಗಿಲ ಆಚೆಯಿಂದ ಒಡೆದ ದನಿಯೊಂದು ಎದ್ದಿತು.

ಮುಂದಿನ ಸಾಲನ್ನು ಆಲ್ಬಮ್ ಹಾಡಿತು. ದೂಮಪ್ಪನವರು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು.